ಸ್ಲಾಟಿನಲ್ಲಿ ಕೂತ ಕನ್ನಡ

ನನ್ನ ಮೇಜಿನ ಮೇಲೆ ಎರಡು ಕಂಪ್ಯೂಟರುಗಳಿವೆ. ಒಂದು ನಾನೇ ಬಿಡಿಭಾಗ ತಂದು ಜೋಡಿಸಿಕೊಂಡದ್ದು. ಆರು ಕೋರಿನ ರೈಜನ್ ಪ್ರೊಸೆಸರ್, 16 ಜಿಬಿ ಮೆಮೊರಿ. ಗುಂಡಿ ಒತ್ತಿ ನೀರಿನ ಬಾಟಲಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಎದ್ದು ಕೂತಿರುತ್ತದೆ. ಇನ್ನೊಂದು ಗುಜರಿಯಿಂದ ತಂದ 386. ಅದರ ಮೆಮೊರಿ 4 ಎಂಬಿ, ಅಂದರೆ ಮೊದಲನೆಯದರ 4096ನೇ ಒಂದು ಪಾಲು. ಆನ್ ಮಾಡಿದರೆ ತನ್ನ ಮೆಮೊರಿಯನ್ನು ತಾನೇ ಪರದೆಯ ಮೇಲೆ ಎಣಿಸಿಕೊಳ್ಳುತ್ತದೆ, ಫ್ಲಾಪಿ ಡ್ರೈವನ್ನು ಒಮ್ಮೆ ಗೊರಗೊರ ಅನ್ನಿಸಿ ನೋಡುತ್ತದೆ, ಒಂದು ಸಲ ಬೀಪ್ ಅನ್ನುತ್ತದೆ, ಆಮೇಲೆ ಸುಮ್ಮನೆ ಕಾಯುತ್ತದೆ. ಹಾಸ್ಟೆಲಿನ ಗೆಳತಿ ಮೊದಲ ಸಲ ಆ ಸದ್ದು ಕೇಳಿದಾಗ, "ಅಕ್ಕಿ ಹಾಕಿದ್ರೆ ಹಿಟ್ಟು ಬರುತ್ತೇನೇ?" ಅಂದಿದ್ದಳು.

ನಾನು ಇತಿಹಾಸದ ವಿದ್ಯಾರ್ಥಿನಿ. ಕನ್ನಡ ಕಚೇರಿಗಳ ಕಂಪ್ಯೂಟರಿಗೆ ಹೇಗೆ ಬಂತು ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಮೊದಲೆರಡು ವರ್ಷ ಸುತ್ತೋಲೆ, ವರದಿ, ಕೈಪಿಡಿಗಳನ್ನು ಓದುತ್ತ ಕಳೆದೆ. ಯಂತ್ರಗಳನ್ನು ಮುಟ್ಟಬೇಕು ಅಂತ ಅನ್ನಿಸಿರಲಿಲ್ಲ. ಕಾಗದ ಇತಿಹಾಸದ ಆಕರ, ಯಂತ್ರ ಹಳೇ ಸಾಮಾನು ಎಂಬ ಭಾವನೆ ನನ್ನಲ್ಲೂ ಇತ್ತು. ಅದನ್ನು ಬದಲಿಸಿದ್ದು ಮಂಡ್ಯ ಕಡೆಯ ನಮ್ಮ ಊರಿನ ಮನೆಯ ಅಟ್ಟದ ಮೇಲಿದ್ದ ಒಂದು ಬಿಸ್ಕತ್ತಿನ ಡಬ್ಬ.

ನಮ್ಮ ದೊಡ್ಡಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ವಿಭಾಗಕ್ಕೆ ಕಂಪ್ಯೂಟರ್ ಬಂದಾಗ ಟೈಪಿಂಗ್ ಬರುತ್ತಿದ್ದ ಕಾರಣಕ್ಕೆ ಅವರನ್ನೇ ಅದರ ಮುಂದೆ ಕೂರಿಸಿದರಂತೆ. 1992ರಿಂದ ಸುಮಾರು ಎರಡು ವರ್ಷ, ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವರು ಅಲ್ಲೇ ಉಳಿದು ನನ್ನ ಅಜ್ಜಿಯ ಪದಗಳನ್ನು ಟೈಪು ಮಾಡಿದ್ದರು. ಸೋಬಾನೆ ಪದ, ಬೀಸೋ ಕಲ್ಲಿನ ಪದ, ನಾಟಿ ಪದ. ಭಾನುವಾರ ಊರಿಗೆ ಬಂದು ಅಜ್ಜಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ವಾರದಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸುವುದು. ಅಜ್ಜಿ 1995ರಲ್ಲಿ ತೀರಿಕೊಂಡಳು. ನಾನು ಹುಟ್ಟಿದ್ದು ಅದಾದ ಮೇಲೆ. ನೋಟ್‌ಬುಕ್ಕುಗಳು ಗೆದ್ದಲಿನ ಪಾಲಾದವು. ಧ್ವನಿಮುದ್ರಣ ಯಾರೂ ಮಾಡಿಕೊಂಡಿರಲಿಲ್ಲ. ಉಳಿದದ್ದು ಆ ಡಬ್ಬದೊಳಗಿನ ಏಳು ಫ್ಲಾಪಿಗಳು. ಐದೂಕಾಲು ಇಂಚಿನವು, ಕಪ್ಪಗೆ, ಹಪ್ಪಳದ ಹಾಗೆ ಬಳುಕುವಂಥವು.

"ನೋಡು ಕಣವ್ವ, ಬಂದ್ರೆ ಬರ್ಲಿ," ಅಂತ ದೊಡ್ಡಪ್ಪ ಡಬ್ಬ ಕೊಟ್ಟರು. ಮೂವತ್ತು ವರ್ಷದಲ್ಲಿ ಅವರ ಆಸೆ ಅಷ್ಟಕ್ಕೇ ಇಳಿದಿತ್ತು.

ಆ ಫ್ಲಾಪಿಗಳ ಮೇಲೆ ಕನ್ನಡ ಹೇಗೆ ಬಂತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ನ್ಯೂಯಾರ್ಕಿನಲ್ಲಿ ಹೊರತಂದಿತು. ಇಂಟೆಲ್ 8088 ಪ್ರೊಸೆಸರ್, ವೇಗ 4.77 ಮೆಗಾಹರ್ಟ್ಸ್, ಕನಿಷ್ಠ ಮೆಮೊರಿ 16 ಕೆಬಿ. ಅದೇ ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಗಿತ್ತು. ಆದರೂ ಆ ಪೆಟ್ಟಿಗೆಯಿಂದ ನಮಗೆ ಉಪಕಾರವಾಯಿತು. ಕಾರಣ ಅದರ ಮದರ್‌ಬೋರ್ಡಿನ ಮೇಲಿದ್ದ ಐದು ಸ್ಲಾಟುಗಳು. ಒಂದೊಂದು ಸ್ಲಾಟಿನಲ್ಲಿ 62 ಸಂಪರ್ಕಗಳು. ಯಾವ ಸಂಪರ್ಕದಲ್ಲಿ ಏನು ಹರಿಯುತ್ತದೆ ಎನ್ನುವುದನ್ನು ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ನಕ್ಷೆಯ ಸಮೇತ ಅಚ್ಚು ಹಾಕಿತ್ತು. ಯಾರು ಬೇಕಾದರೂ ಓದಿ ತಮ್ಮದೇ ಕಾರ್ಡು ಮಾಡಿ ಅದರಲ್ಲಿ ಕೂರಿಸಬಹುದಿತ್ತು. ಆ ನಕ್ಷೆಯನ್ನೇ ಅನುಸರಿಸಿ ಜಗತ್ತಿನ ಎಷ್ಟೋ ಕಡೆ ಅಂಥದೇ ಕಂಪ್ಯೂಟರುಗಳು ತಯಾರಾದವು. 1984ರ ಕೊನೆಯಲ್ಲಿ ಭಾರತ ಸರ್ಕಾರ ಕಂಪ್ಯೂಟರ್ ನೀತಿಯನ್ನು ಸಡಿಲಿಸಿದ ಮೇಲೆ ನಮ್ಮಲ್ಲೂ ಅವು ಹರಡಿದವು.

ಪೆಟ್ಟಿಗೆ ಬಂತು, ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕಾರಣ ಯಾರ ಅಸಡ್ಡೆಯೂ ಅಲ್ಲ, ಯಂತ್ರದ ರಚನೆ. ಪರದೆಯನ್ನು ಅಡ್ಡಕ್ಕೆ 80, ಉದ್ದಕ್ಕೆ 25 ಮನೆಗಳಾಗಿ ಹಂಚಿದ್ದರು. ಒಂದು ಮನೆಗೆ ಒಂದು ಅಕ್ಷರ. ಅಕ್ಷರದ ಆಕಾರಗಳು ಒಂದು ಚಿಪ್ಪಿನಲ್ಲಿ ಕೊರೆದಿಟ್ಟಂತೆ ಕೂತಿದ್ದವು, ಒಟ್ಟು 256. ಇಂಗ್ಲಿಷಿಗೆ ಇದು ಧಾರಾಳ. ನಮಗೋ, ಒತ್ತಕ್ಷರ ಕೆಳಗಿಳಿಯಬೇಕು, ಗುಣಿತದ ಕೊಂಬು ಪಕ್ಕಕ್ಕೆ ಚಾಚಬೇಕು, "ಕ" ಒಂದು ಅಗಲವಾದರೆ "ಮ" ಇನ್ನೊಂದು ಅಗಲ. ಗುಣಿತ, ಒತ್ತು ಎಲ್ಲ ಸೇರಿದರೆ ಆಕಾರಗಳು 256ರಲ್ಲಿ ಮುಗಿಯುವ ಮಾತಲ್ಲ.

ಇದಕ್ಕೆ ಉತ್ತರ ಹುಡುಕಿದವರು ಕಾನ್ಪುರದ ಐಐಟಿಯವರು. ಅಲ್ಲಿ ಶುರುವಾದ ಕೆಲಸ 1988ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಅದರ ಫಲ ಜಿಸ್ಟ್ ಕಾರ್ಡ್. ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುವ ಹಸಿರು ಹಲಗೆ. ಪ್ರೋಗ್ರಾಂ ಪರದೆಗೆ ಕಳಿಸಿದ್ದನ್ನು ಅದು ನಡುವೆ ಹಿಡಿದುಕೊಂಡು, ತನ್ನಲ್ಲಿದ್ದ ಆಕಾರಗಳಿಂದ ಗುಣಿತ, ಒತ್ತುಗಳನ್ನು ಜೋಡಿಸಿ ತೋರಿಸುತ್ತಿತ್ತು. ಇಂಗ್ಲಿಷಿಗೆಂದೇ ಮಾಡಿದ ಡಿಬೇಸ್‌ನಂಥ ಪ್ರೋಗ್ರಾಮುಗಳು ಕನ್ನಡದ ಮಾಹಿತಿಯನ್ನೂ ತುಂಬಿಕೊಂಡವು. ತಾವು ಕನ್ನಡ ತೋರಿಸುತ್ತಿದ್ದೇವೆ ಎನ್ನುವುದು ಅವಕ್ಕೇ ಗೊತ್ತಿರಲಿಲ್ಲ.

ಕಾರ್ಡಿನ ಹಿಂದೆ ಒಂದು ಸಂಕೇತಪಟ್ಟಿ ಇತ್ತು. ಹೆಸರು ಇಸ್ಕಿ. 1991ರಲ್ಲಿ ಅದು ಐಎಸ್ 13194 ಎಂಬ ಸಂಖ್ಯೆಯಲ್ಲಿ ಭಾರತೀಯ ಮಾನಕವಾಯಿತು. ಒಂದು ಬೈಟಿನಲ್ಲಿ ಹಿಡಿಸುವ 256 ಸಂಖ್ಯೆಗಳ ಮೊದಲರ್ಧ ಇಂಗ್ಲಿಷಿಗೆ, ಉಳಿದರ್ಧ ನಮ್ಮ ಲಿಪಿಗಳಿಗೆ. ಅದರಲ್ಲಿ ಲಿಪಿಗೊಂದು ಪಟ್ಟಿ ಇಲ್ಲ. ದೇವನಾಗರಿಯ "ಕ", ತೆಲುಗಿನ "ಕ", ಕನ್ನಡದ "ಕ" ಮೂರಕ್ಕೂ ಒಂದೇ ಸಂಖ್ಯೆ, 179. ಅಶೋಕನ ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳ ಸಂಬಂಧವನ್ನು ಎಂಜಿನಿಯರುಗಳು ಒಂದು ಕೋಷ್ಟಕವಾಗಿ ಬರೆದಿದ್ದರು. ಇತಿಹಾಸದ ತರಗತಿಯಲ್ಲಿ ಓದಿದ ಲಿಪಿಗಳ ವಂಶವೃಕ್ಷ ಇಲ್ಲಿ ಕೆಲಸ ಮಾಡುತ್ತಿದೆಯಲ್ಲ ಎಂದು ನನಗೆ ಖುಷಿಯಾಗಿತ್ತು.

ಟೈಪು ಮಾಡುವ ರೀತಿಯೂ ಬದಲಾಯಿತು. ಟೈಪ್‌ರೈಟರಿನಲ್ಲಿ ದೊಡ್ಡಪ್ಪ ಅಕ್ಷರದ ತುಂಡುಗಳನ್ನು ಜೋಡಿಸುತ್ತಿದ್ದರು, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಇಲ್ಲಿ ಉಚ್ಚಾರಣೆಯ ಕ್ರಮ. "ಅವ್ವ" ಎಂದು ಬರೆಯಲು ಅ, ವ, ಹಲಂತ, ಮತ್ತೆ ವ. "ಕಣ್ಣಿಂದ ಟೈಪ್ ಮಾಡ್ತಿದ್ದೋನು ಕಿವಿಯಿಂದ ಟೈಪ್ ಮಾಡೋದು ಕಲಿತೆ," ಅಂತಾರೆ ದೊಡ್ಡಪ್ಪ. ಇದಕ್ಕಿಂತ ಚೆನ್ನಾಗಿ ಹೇಳಿದ ವಾಕ್ಯ ನನ್ನ ಟಿಪ್ಪಣಿಗಳಲ್ಲಿ ಇನ್ನೊಂದಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದೆ. ಆದರೆ ಫ್ಲಾಪಿ ಕೈಯಲ್ಲಿ ಹಿಡಿದುಕೊಂಡರೆ ಓದುವುದು ಎಲ್ಲಿ?

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಅಲ್ಲಿ ಯಾರೂ ಬಳಸುವುದಿಲ್ಲ. ಗ್ರಾಫಿಕ್ಸ್ ಕಾರ್ಡ್, ಕೇಬಲ್, ಹಳೇ ಲ್ಯಾಪ್‌ಟಾಪಿನ ಕೀಬೋರ್ಡ್, ಏನು ಕೇಳಿದರೂ ಒಬ್ಬನಲ್ಲ ಒಬ್ಬನ ಹತ್ತಿರ ಇರುತ್ತದೆ. ನನ್ನ ಹೊಸ ಕಂಪ್ಯೂಟರಿನ ಭಾಗಗಳನ್ನು ಒಂದೊಂದೇ ಚೌಕಾಸಿ ಮಾಡಿ ತಂದದ್ದು ಅಲ್ಲಿಂದಲೇ. ಐದೂಕಾಲು ಇಂಚಿನ ಡ್ರೈವ್ ಬೇಕು ಅಂದಾಗ ಮಾತ್ರ ಅಂಗಡಿಯವರು ನಕ್ಕರು. "ಮೇಡಂ, ಇದನ್ನ ಮ್ಯೂಸಿಯಂನಲ್ಲಿ ಕೇಳಿ." ನಾಲ್ಕನೇ ಸಲ ಹೋದಾಗ ಒಬ್ಬ ಹಿರಿಯರು ಒಂದು ಗುಜರಿ ಗೋದಾಮಿನ ವಿಳಾಸ ಕೊಟ್ಟರು. ಅಲ್ಲಿ ಸಿಕ್ಕಿದ್ದೇ ಈ 386. ತೂಕ ಹಾಕಿ ಬೆಲೆ ಹೇಳಿದರು. ಮುಂಭಾಗದಲ್ಲಿ ಡ್ರೈವ್ ಹಾಗೇ ಇತ್ತು.

ರೂಮಿಗೆ ತಂದು ಮುಚ್ಚಳ ತೆಗೆದರೆ ಮದರ್‌ಬೋರ್ಡಿನ ಒಂದು ಮೂಲೆ ಹಸಿರುಗಟ್ಟಿತ್ತು. ಗಡಿಯಾರ ನಡೆಯಲೆಂದು ಬೋರ್ಡಿಗೇ ಬೆಸೆದ ಬ್ಯಾಟರಿ ಆ ಕಾಲದ ಬೋರ್ಡುಗಳಲ್ಲಿ ಇರುತ್ತಿತ್ತು. ವರ್ಷಗಳು ಕಳೆದಂತೆ ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಬ್ಯಾಟರಿ ಕಿತ್ತು, ವಿನಿಗರ್ ಸವರಿ ತೊಳೆದು, ಎರಡು ಗೆರೆಗಳಿಗೆ ಕೂದಲೆಳೆಯಂಥ ತಂತಿ ಬೆಸೆದೆ. ಸೋಲ್ಡರಿಂಗ್ ಕಲಿಸಿದವಳು ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳತಿ. ಮೂರನೇ ದಿನ ರಾತ್ರಿ ಯಂತ್ರ ಬೀಪ್ ಅಂದಿತು. ನನ್ನ ಪ್ರೀತಿ ಶುರುವಾದದ್ದು ಆವತ್ತು. ಈ ಯಂತ್ರದಲ್ಲಿ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ. ಮೆಮೊರಿ ಇದು, ಗಡಿಯಾರ ಇದು, ದಾರಿ ಇದು ಎಂದು ಬೆರಳಿಟ್ಟು ತೋರಿಸಬಹುದು.

ಫ್ಲಾಪಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದನ್ನು ಪಟ್ಟಿ ಅಂಟಿಸಿ ಮುಚ್ಚಿದರೆ ಡ್ರೈವ್ ಅದರ ಮೇಲೆ ಏನನ್ನೂ ಬರೆಯದು. ಏಳಕ್ಕೂ ಪಟ್ಟಿ ಅಂಟಿಸಿ ಮೊದಲನೆಯದನ್ನು ಹಾಕಿದೆ. ಫೈಲುಗಳ ಪಟ್ಟಿ ಬಂತು. ಒಂದನ್ನು ತೆರೆದೆ. ಪರದೆ ತುಂಬ ಗೆರೆ, ಮೂಲೆ, ಗ್ರೀಕ್ ಅಕ್ಷರ. ಜಿಸ್ಟ್ ಕಾರ್ಡ್ ಇಲ್ಲದ ಯಂತ್ರ ಮೇಲಿನ 128 ಸಂಖ್ಯೆಗಳನ್ನು ತನ್ನ ಚಿಪ್ಪಿನಲ್ಲಿದ್ದ ಆಕಾರಗಳಿಂದಲೇ ತೋರಿಸುತ್ತಿತ್ತು. ನೋಡುತ್ತ ಹೋದಂತೆ ನಾಲ್ಕು ಗುರುತುಗಳ ಒಂದು ಗುಂಪು ಮತ್ತೆ ಮತ್ತೆ ಕಂಡಿತು. ತಲೆಯ ಮೇಲೆ ಅಲೆಗೆರೆ ಇರುವ ಎನ್, ಒಂದು ಮೂಲೆ, ಗ್ರೀಕಿನ ಫೈ, ಮತ್ತೆ ಅದೇ ಮೂಲೆ. ಅವುಗಳ ಸಂಖ್ಯೆ 164, 212, 232, 212. ಇಸ್ಕಿ ಪಟ್ಟಿ ತೆಗೆದು ಬೆರಳಿಟ್ಟು ನೋಡಿದೆ. ಅ. ವ. ಹಲಂತ. ವ.

ಅವ್ವ.

ಎರಡು ವರ್ಷ ಆ ಪಟ್ಟಿಯ ಬಗ್ಗೆ ಬರೆದಿದ್ದೆ. ಅದರಿಂದ ಒಂದು ಪದ ಓದಿದ್ದು ಆವತ್ತೇ ಮೊದಲು.

ಮುಂದಿನ ಫ್ಲಾಪಿಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಡಾಸ್ ತನ್ನ ಹಳೇ ಪ್ರಶ್ನೆ ಕೇಳಿತು: ಅಬಾರ್ಟ್, ರೀಟ್ರೈ, ಫೇಲ್? ಬಿಡಲೇ, ಮತ್ತೆ ನೋಡಲೇ, ಸೋತೆನೆನ್ನಲೇ ಎಂದು. ಹತ್ತು ಸಲ ರೀಟ್ರೈ ಒತ್ತಿದ ಮೇಲೆ ಗೆಳತಿ ತಡೆದಳು. ಡ್ರೈವಿನ ಹೆಡ್ಡು ಬೂಸಲಿನ ಮೇಲೆ ಉಜ್ಜಿದರೆ ಉಳಿದದ್ದೂ ಕಿತ್ತುಬರುತ್ತದೆ ಎಂದಳು. ಫ್ಲಾಪಿಯೆಂದರೆ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿದ ಕಬ್ಬಿಣದ ಆಕ್ಸೈಡು, ತುಕ್ಕಿನ ಹತ್ತಿರದ ನೆಂಟ. ಅದರ ಕಣಗಳು ಯಾವ ದಿಕ್ಕಿಗೆ ಕಾಂತವಾಗಿವೆ ಎನ್ನುವುದೇ ಬರಹ. ಮಲೆನಾಡಾಗಲಿ ಬಯಲಾಗಲಿ, ನಮ್ಮ ಮಳೆಗಾಲ ಅದಕ್ಕೆ ಒಗ್ಗುವುದಿಲ್ಲ. ಹಾಳೆಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಡ್ರೈವಿನ ಹೆಡ್ಡನ್ನೂ ಒರೆಸಿದೆವು.

ಆಮೇಲೆ ಸಹಾಯಕ್ಕೆ ಬಂದದ್ದು ಹೊಸ ಯಂತ್ರ. ಗ್ರೀಸ್‌ವೀಜಲ್ ಎಂಬ ಪುಟ್ಟ ಹಲಗೆ ಇದೆ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು. ಒಂದು ಕಡೆ ಹಳೇ ಫ್ಲಾಪಿ ಡ್ರೈವಿನ ಕೇಬಲ್, ಇನ್ನೊಂದು ಕಡೆ ಇಂದಿನ ಯುಎಸ್‌ಬಿ. ಅದು ಅಕ್ಷರ ಓದಲು ಹೋಗುವುದಿಲ್ಲ. ಹಾಳೆಯ ಮೇಲೆ ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಯಿತು, ಒಂದು ಬದಲಾವಣೆಗೂ ಇನ್ನೊಂದಕ್ಕೂ ಎಷ್ಟು ಸಮಯ ಹಿಡಿಯಿತು ಎಂದಷ್ಟೇ ಬರೆದುಕೊಳ್ಳುತ್ತದೆ. ಹಲವು ಸುತ್ತುಗಳ ಆ ಲೆಕ್ಕವನ್ನು ಹೊಸ ಕಂಪ್ಯೂಟರು ಹೋಲಿಸಿ ನೋಡಿ ಅಕ್ಷರ ಹೆಕ್ಕುತ್ತದೆ. ಶಾಸನ ಓದುವವರು ಒಂದೇ ಕಲ್ಲಿನಿಂದ ಹಲವು ಪಡಿಯಚ್ಚು ತೆಗೆದು ಮಸುಕಾದ ಸಾಲನ್ನು ಹೋಲಿಸಿ ನೋಡುವ ಹಾಗೆ. ಆ ಹಲಗೆಯ ಮೇಲಿನ ಚಿಪ್ಪು 1981ರ ಐಬಿಎಂ ಪಿಸಿಗಿಂತ ಹಲವು ಪಟ್ಟು ವೇಗದ್ದು. ಅದರ ನಕ್ಷೆಯೂ ಎಲ್ಲರಿಗೂ ಮುಕ್ತ. ಹಳೆಯದನ್ನು ಪ್ರೀತಿಸುವವರು ಹೊಸದನ್ನು ದ್ವೇಷಿಸುತ್ತಾರೆ ಎಂದು ಜನ ತಿಳಿದಿರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 386 ಇಲ್ಲದಿದ್ದರೆ ಆ ಡ್ರೈವೇ ನನ್ನ ಕೈಗೆ ಸಿಗುತ್ತಿರಲಿಲ್ಲ, ರೈಜನ್ ಇಲ್ಲದಿದ್ದರೆ ಅದು ಓದಿದ್ದು ಅರ್ಥವಾಗುತ್ತಿರಲಿಲ್ಲ.

ಲೆಕ್ಕ ಹೇಳುತ್ತೇನೆ. ಇಂಥ ಒಂದು ಫ್ಲಾಪಿಯಲ್ಲಿ ಎರಡು ಮುಖ, ಮುಖಕ್ಕೆ 40 ಸುತ್ತು, ಸುತ್ತಿಗೆ 9 ಸೆಕ್ಟರ್, ಒಟ್ಟು 720. ಸೆಕ್ಟರಿಗೆ 512 ಬೈಟು. ಒಟ್ಟು 360 ಕೆಬಿ. ಏಳರಲ್ಲಿ ಐದು ಪೂರ್ತಿ ಬಂದವು. ಒಂದರಲ್ಲಿ 61 ಸೆಕ್ಟರ್ ಬರಲಿಲ್ಲ. ಒಂದು ಸತ್ತೇ ಹೋಗಿತ್ತು. ಒಟ್ಟು 72 ಪದಗಳು ಸಿಕ್ಕವು. ಅವುಗಳಲ್ಲಿ ಒಂಬತ್ತು ನಡುವೆ ಹರಿದಿವೆ. ಎಲ್ಲ ಸೇರಿಸಿದರೂ ಈಗಿನ ಮೊಬೈಲಿನ ಒಂದು ಫೋಟೊದಷ್ಟು ಜಾಗ ಬೇಡ.

ನಂತರ ಇಸ್ಕಿಯಿಂದ ಯೂನಿಕೋಡಿಗೆ ಬದಲಿಸಲು ಸಣ್ಣ ಪ್ರೋಗ್ರಾಂ ಬರೆದೆ. ಅದು ಕಷ್ಟವಾಗಲಿಲ್ಲ, ಯಾಕೆಂದರೆ 1991ರ ಯೂನಿಕೋಡ್ ಭಾರತೀಯ ಲಿಪಿಗಳ ಜೋಡಣೆಯನ್ನು ಇಸ್ಕಿಯಿಂದಲೇ ತೆಗೆದುಕೊಂಡಿತ್ತು. ನಾವು ಮೊಬೈಲಿನಲ್ಲಿ ಟೈಪು ಮಾಡುವ ಕನ್ನಡದ ಒಳಗೆ ಆ ಹಳೇ ಕೋಷ್ಟಕದ ಸಾಲು ಈಗಲೂ ಇದೆ. ಜಾಗದ ಲೆಕ್ಕ ಮಾತ್ರ ಬೇರೆ. ದೊಡ್ಡಪ್ಪನ ಫ್ಲಾಪಿಯಲ್ಲಿ "ಅವ್ವ" 4 ಬೈಟು, ನನ್ನ ಫೈಲಿನಲ್ಲಿ 12.

ಫೈಲುಗಳಲ್ಲಿ ಪದಗಳ ಜೊತೆಗೆ ದೊಡ್ಡಪ್ಪ ಬರೆದುಕೊಂಡ ಟಿಪ್ಪಣಿಗಳಿದ್ದವು. ಯಾರ ಮದುವೆಯಲ್ಲಿ ಹೇಳಿದ್ದು, ಯಾರಿಂದ ಕಲಿತದ್ದು ಎಂದು. ಮೂರು ಕಡೆ ಪದ ಅರ್ಧಕ್ಕೆ ನಿಂತು ಕೆಳಗೆ ಹೀಗಿತ್ತು: "ಅವ್ವನಿಗೆ ಮುಂದೆ ನೆನಪಿಲ್ಲ." ಒಡೆದ ಸೆಕ್ಟರುಗಳಿಂದ ಹರಿದುಹೋದ ಪದಗಳ ಪಕ್ಕದಲ್ಲಿ ಈ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವಳು ಮರೆತದ್ದನ್ನು ದೊಡ್ಡಪ್ಪ ಬರೆದಿಟ್ಟಿದ್ದರು. ಯಂತ್ರ ಮರೆತದ್ದನ್ನು ಬರೆದಿಡುವ ಕೆಲಸ ನನ್ನದು. ಈಗ ಆ ಒಂಬತ್ತು ಪದಗಳ ಹರಿದ ಜಾಗದಲ್ಲಿ ಎಷ್ಟು ಬೈಟು ಹೋಗಿದೆ ಎಂದು ನಮೂದಿಸಿದ್ದೇನೆ.

ಊರಿಗೆ ಹೋಗಿ ದೊಡ್ಡಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಮೊದಲ ಪದ ಪೂರ್ತಿ ಓದಿದರು. ಏನೂ ಹೇಳಲಿಲ್ಲ. ಎರಡನೆಯದರಲ್ಲಿ ಬೆರಳಿಟ್ಟು, "ಇಲ್ಲಿ ನಾನೇ ತಪ್ಪು ಹೊಡೆದಿದ್ದೆ ಕಣವ್ವ, ಇದು ದೀರ್ಘ ಆಗ್ಬೇಕು," ಅಂದರು. ದೊಡ್ಡಮ್ಮ ಅಡುಗೆಮನೆಯಿಂದಲೇ ಆ ಸಾಲನ್ನು ರಾಗವಾಗಿ ಹೇಳಿ ಸರಿ ಎಂದರು. ನನಗೆ ಗೊತ್ತಿಲ್ಲದ ಅಜ್ಜಿಯ ರಾಗ ಅದೇ ಇರಬಹುದು. ಈ ಸಲ ನಾನು ಧ್ವನಿಮುದ್ರಿಸಿಕೊಂಡೆ.

ಒಂದು ಕೊರತೆ ಉಳಿದಿದೆ. ಜಿಸ್ಟ್ ಕಾರ್ಡ್ ನನಗೆ ಸಿಕ್ಕಿಲ್ಲ. ಒಂದು ವರ್ಷದಿಂದ ಹುಡುಕುತ್ತಿದ್ದೇನೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ಬಂದ ಮೇಲೆ ಕಾರ್ಡಿನ ಅಗತ್ಯವೇ ಉಳಿಯಲಿಲ್ಲ. ಅಗತ್ಯ ಮುಗಿದ ಹಲಗೆಗಳು ತೂಕಕ್ಕೆ ಹೋದವು. ಹೀಗಾಗಿ ದೊಡ್ಡಪ್ಪ ಆ ಸಂಜೆಗಳಲ್ಲಿ ಪರದೆಯ ಮೇಲೆ ಕಂಡ ಕನ್ನಡದ ಮುಖ ಹೇಗಿತ್ತು, ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತಿತ್ತು ಎನ್ನುವುದನ್ನು ನಾನು ನೋಡಲಾರೆ. ಮಾತು ಸಿಕ್ಕಿತು, ಅದರ ರೂಪ ಸಿಗಲಿಲ್ಲ. ಹಸ್ತಪ್ರತಿಯ ಪಠ್ಯವನ್ನು ಅಚ್ಚು ಹಾಕಿಸಿ ತಾಳೆಗರಿಯನ್ನು ಒಲೆಗೆ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಯಂತ್ರಗಳ ವಿಷಯದಲ್ಲಿ ಮಾತ್ರ ಅದನ್ನೇ ದಿನವೂ ಮಾಡುತ್ತಿದ್ದೇವೆ.

ನನ್ನ ಹೊಸ ಕಂಪ್ಯೂಟರನ್ನು ನಾನು ಮೆಚ್ಚುವುದಕ್ಕೂ ಇದೇ ಕಾರಣ. ಅದರಲ್ಲಿ ಸ್ಲಾಟುಗಳಿವೆ. ಈಗಿನ ಹೆಚ್ಚಿನ ತೆಳು ಲ್ಯಾಪ್‌ಟಾಪು, ಮೊಬೈಲುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ವೇಗಕ್ಕೆ, ತೆಳುವಿಗೆ ಅದು ಒಳ್ಳೆಯದೇ. 2020ರ ಆಪಲ್ ಎಂ1 ಚಿಪ್ಪಿನಲ್ಲಿ 1600 ಕೋಟಿ ಟ್ರಾನ್ಸಿಸ್ಟರುಗಳಿವೆ, 1985ರ 386ರಲ್ಲಿ ಇದ್ದದ್ದು 2.75 ಲಕ್ಷ. ಆ ಕೌಶಲಕ್ಕೆ ತಲೆಬಾಗುತ್ತೇನೆ. ಆದರೆ ಬೆಸೆದ ಪೆಟ್ಟಿಗೆ ಕೆಟ್ಟರೆ ಒಳಗಿನ ಬರಹವನ್ನು ಬೇರೆಯವರು ಹೊರತೆಗೆಯುವುದು ಕಷ್ಟ. ಎಸ್‌ಎಸ್‌ಡಿಯನ್ನು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಅಟ್ಟದ ಮೇಲಿಟ್ಟರೆ ಅದರೊಳಗಿನ ಆವೇಶ ಸೋರಿಹೋಗಬಹುದು. ನಮ್ಮ ಮೊಮ್ಮಕ್ಕಳಿಗೆ ಬಿಸ್ಕತ್ತಿನ ಡಬ್ಬ ಸಿಕ್ಕರೂ ಅದರಲ್ಲಿ ಓದಲು ಏನಿರುತ್ತದೋ.

ತೆರೆದಿಡುವ ಯೋಚನೆ ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಕೈಗಣಕ ರೂಪಿಸಿದ್ದರು. ಅದರಲ್ಲಿ ಸ್ಮಾರ್ಟ್‌ಕಾರ್ಡಿಗೆ ಒಂದು ಸ್ಲಾಟಿತ್ತು. ಹಳ್ಳಿಗೊಂದು ಯಂತ್ರವಿದ್ದರೆ ಸಾಕು, ಒಬ್ಬೊಬ್ಬರೂ ತಮ್ಮ ಕಾರ್ಡು ಹಾಕಿ ಬಳಸಲಿ ಎಂಬ ಲೆಕ್ಕ. ನಕ್ಷೆಯನ್ನೂ ಹಂಚಿಕೊಳ್ಳಲು ಅವರು ಸಿದ್ಧರಿದ್ದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಆದರೆ ಹೆಚ್ಚು ದಿನ ನಿಲ್ಲಲಿಲ್ಲ. ಆ ಸಾಧನವನ್ನೂ ನಾನು ಹುಡುಕುತ್ತಿದ್ದೇನೆ.

ನನ್ನ ಪ್ರಬಂಧದಲ್ಲಿ ಈಗ ಒಂದು ಅಧ್ಯಾಯ ಹೊಸದಾಗಿ ಸೇರಿದೆ. ಅದರ ಮಾತು ಸರಳ. ಕನ್ನಡ ಕಂಪ್ಯೂಟರಿಗೆ ಬಂದದ್ದು ಆದೇಶಗಳಿಂದ ಮಾತ್ರ ಅಲ್ಲ, ಎಲ್ಲೋ ದೂರದಲ್ಲಿ ಯಾರೋ ಬಿಟ್ಟಿದ್ದ ಒಂದು ಖಾಲಿ ಸ್ಲಾಟಿನಿಂದ, ಆ ಸ್ಲಾಟಿನ ನಕ್ಷೆ ಓದಿ ಹಲಗೆ ಮಾಡಿದವರಿಂದ, ಆ ಹಲಗೆಯ ಮುಂದೆ ಸಂಜೆ ಕೂತು ತಾಯಿಯ ಪದ ಟೈಪು ಮಾಡಿದ ಗುಮಾಸ್ತನಿಂದ. ಈ ಕಥೆ ಕಾಗದದಲ್ಲಿ ಅರ್ಧ ಇದೆ, ಯಂತ್ರದಲ್ಲಿ ಅರ್ಧ ಇದೆ.

386ರ ಮುಚ್ಚಳ ನಾನಿನ್ನೂ ಹಾಕಿಲ್ಲ. ಒಳಗೆ ಒಂದು ಸ್ಲಾಟು ಖಾಲಿ ಬಿಟ್ಟಿದ್ದೇನೆ. ನಿಮ್ಮ ಕಚೇರಿಯ ಉಗ್ರಾಣದಲ್ಲೋ, ಮಾವನ ಮನೆಯ ಅಟ್ಟದಲ್ಲೋ ಹಳೇ ಕಂಪ್ಯೂಟರ್ ಇದ್ದರೆ, ತೂಕಕ್ಕೆ ಹಾಕುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ.